ಮನೆ ಮರೆತ ಹೆಸರು, ಕೋರ್ಟು ಇಟ್ಟ ಕಾಗದ

(ಹಿರೇಗುತ್ತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮನೆತನದ ಬಗ್ಗೆ ಕೇಳಿದರೆ ಅಜ್ಜ, ಮುತ್ತಜ್ಜರ ಹೆಸರು ಕೂಡಲೇ ಸಿಗುತ್ತದೆ. ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಅಜ್ಜಿಯ ತಂಗಿ ಏನಾದಳು ಎಂದರೆ ಮಾತು ನಿಲ್ಲುತ್ತದೆ. ಮನೆ ಮರೆತ ಇಂಥ ಹೆಸರು ಕೋರ್ಟಿನ ಕಡತದಲ್ಲಿ ಉಳಿದಿರುವ ಸಾಧ್ಯತೆ ಉಂಟು.

ಪಾಲಿನ ದಾವೆಯಲ್ಲಿ ವಂಶವೃಕ್ಷ ಬರೆದುಕೊಡುವುದು ವಾಡಿಕೆ. ಯಾರು ಯಾರ ಮಗ, ಯಾರು ದತ್ತು ಹೋದರು, ಯಾರು ಸಂತಾನವಿಲ್ಲದೆ ತೀರಿಕೊಂಡರು ಎಂಬುದು ಅದರಲ್ಲಿರುತ್ತದೆ. ವಿಧವೆ ಜೀವನಾಂಶಕ್ಕೆ ದಾವೆ ಹೂಡಿದ್ದರೆ ಅವಳ ಹೆಸರೂ ಗಂಡ ತೀರಿದ ವರ್ಷವೂ ಸಿಗಬಹುದು.

ಆದರೆ ಎಲ್ಲಿ ಹುಡುಕುವುದು? ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಕುಮಟಾದಲ್ಲಿ ಹುಟ್ಟಿದ ವ್ಯಾಜ್ಯ ಕಾರವಾರದ ಜಿಲ್ಲಾ ನ್ಯಾಯಾಲಯವನ್ನೂ ದಾಟಿದ್ದರೆ, 1956ಕ್ಕೆ ಮೊದಲು ಅದು ಹೋಗುತ್ತಿದ್ದುದು ಮುಂಬಯಿ ಹೈಕೋರ್ಟಿಗೆ; ನಂತರ ಬೆಂಗಳೂರಿಗೆ; 2008ರಿಂದ ಧಾರವಾಡ ಪೀಠಕ್ಕೆ.

ಉಯಿಲಿಗೆ ಕೋರ್ಟಿನಿಂದ ಮನ್ನಣೆ ಪಡೆಯುವುದೇ ಪ್ರೊಬೇಟ್. ಮುಂಬಯಿಯಲ್ಲಿ ದುಡಿದು ಮನೆ ಮಾಡಿದವರ ಉಯಿಲಿನ ಪ್ರೊಬೇಟನ್ನು ಅಲ್ಲಿಯ ಹೈಕೋರ್ಟಿನಲ್ಲಿ ಹುಡುಕಬೇಕು. ಊರಲ್ಲೇ ಬರೆದ, ಊರಿನ ಆಸ್ತಿಗಷ್ಟೇ ಸಂಬಂಧಿಸಿದ ಹಿಂದೂ ಉಯಿಲಿಗೆ ಪ್ರೊಬೇಟ್ ಕಡ್ಡಾಯವಿರಲಿಲ್ಲ. ಅದು ನೋಂದಣಿಯಾಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯ 3ನೇ ಪುಸ್ತಕದಲ್ಲಿರುತ್ತದೆ. ಬರೆದವರು ತೀರಿದ ಮೇಲೆ ಯಾರು ಅರ್ಜಿ ಕೊಟ್ಟರೂ ನಕಲು ಪಡೆಯಬಹುದು.

ಪಾಲಿಗೆ ಆಸ್ತಿಯೇ ಇಲ್ಲದ ಗೇಣಿ ಒಕ್ಕಲುಗಳ ಚರಿತ್ರೆ ಎಲ್ಲಿದೆ? 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಅವರು 7ನೇ ನಮೂನೆಯಲ್ಲಿ ಕೊಟ್ಟ ಅರ್ಜಿಗಳಲ್ಲಿದೆ. ಯಾವ ಗದ್ದೆಯನ್ನು ಯಾರ ಕಾಲದಿಂದ ಉಳುತ್ತ ಬಂದರು ಎಂಬ ಹೇಳಿಕೆಗಳು ಭೂನ್ಯಾಯಮಂಡಳಿಯ ಕಡತದಲ್ಲಿ ಸಿಗಬಹುದು.

ಒಂದು ಎಚ್ಚರಿಕೆ. ದಾವೆಯೆಂದರೆ ಒಂದು ಪಕ್ಷದ ಮಾತು. ಪಾಲು ತಪ್ಪಿಸಲೆಂದು ಅಣ್ಣನ ಹೆಂಡತಿಯನ್ನು ಹೆಂಡತಿಯೇ ಅಲ್ಲ ಎಂದವರೂ ಉಂಟು. ಪ್ರತಿವಾದಿಯ ಜವಾಬು, ಸಾಕ್ಷಿ, ತೀರ್ಪು ಮೂರನ್ನೂ ಓದದೆ ವಂಶವೃಕ್ಷವನ್ನು ನಂಬಬಾರದು.

ಕೋರ್ಟೂ ಎಲ್ಲವನ್ನೂ ಶಾಶ್ವತವಾಗಿ ಇಡುವುದಿಲ್ಲ. ಅವಧಿ ಮುಗಿದ ಕಾಗದಗಳನ್ನು ನಾಶ ಮಾಡುವ ನಿಯಮವಿದೆ. ಆದ್ದರಿಂದ ಹುಡುಕಾಟ ಮನೆಯ ಹಳೆಯ ಟ್ರಂಕಿನಿಂದಲೇ ಶುರುವಾಗಲಿ. ಡಿಕ್ರಿಯ ನಕಲು ಸಿಕ್ಕರೆ ಕೋರ್ಟಿನ ಹೆಸರು, ದಾವೆಯ ನಂಬರು, ವರ್ಷ ಬರೆದಿಡಿ. ಈ ಮೂರಿದ್ದರೆ ನಕಲಿಗೆ ಅರ್ಜಿ ಹಾಕಬಹುದು. ಅಣ್ಣತಮ್ಮಂದಿರ ಜಗಳ ಎಂದೋ ಮುಗಿದಿರುತ್ತದೆ. ಅಜ್ಜಿಯ ತಂಗಿಯ ಹೆಸರು ಆ ಕಾಗದದಲ್ಲಿ ಇನ್ನೂ ಇದ್ದೀತು.