ತಕ್ಕ ತೂಕ ಮೊದಲು, ಆಕಾರ ಆಮೇಲೆ



ದೇವದುರ್ಗದಿಂದಲೋ ಮಾನ್ವಿಯಿಂದಲೋ ಬೆಳಗಿನ ಬಸ್ಸು ಹಿಡಿದು ರಾಯಚೂರಿನ ಕಾಲೇಜಿಗೆ ಬರುವ ನಿಮ್ಮಲ್ಲಿ ಹಲವರ ಕೈಯಲ್ಲಿ ಇಂದು ಮೊಬೈಲ್ ಫೋನ್ ಇದೆ. ಅದರ ಪರದೆಯ ಮೇಲೆ ತೆಳ್ಳಗಿನ ಸೊಂಟ, ಚಪ್ಪಟೆಯಾದ ಹೊಟ್ಟೆ ದಿನವೂ ಕಾಣಿಸುತ್ತವೆ. ಅವುಗಳ ಜೊತೆಗೇ ಒಂದೇ ದಿನದಲ್ಲಿ ಹೊಟ್ಟೆ ಕರಗಿಸುವ ಜಾಹೀರಾತೂ ಬರುತ್ತದೆ. ಗೆಳೆಯರು ಇಟ್ಟ ಒಂದು ಅಡ್ಡ ಹೆಸರು ಮನಸ್ಸಿನಲ್ಲಿ ಮುಳ್ಳಾಗಿ ಚುಚ್ಚುತ್ತಿರುವಾಗ ಅಂಥ ಜಾಹೀರಾತು ದೇವರೇ ಕಳಿಸಿದ ವರದಂತೆ ತೋರಬಹುದು. ಆದ್ದರಿಂದಲೇ ಈ ವಿಷಯವನ್ನು ನಿಮ್ಮೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಬೇಕಾಗಿದೆ.

ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಅವರ ಹೆಸರನ್ನು ನೀವು ಕೇಳಿರಬಹುದು. 2022ರ ಮೇ 16ರಂದು ಅವರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಅದೇ ದಿನ ತೀರಿಕೊಂಡರು. ಆಗ ಅವರ ವಯಸ್ಸು 21. ತಮಗೆ ಮೊದಲೇ ತಿಳಿಸಿರಲಿಲ್ಲವೆಂದು ಹೆತ್ತವರು ಕಣ್ಣೀರಿಟ್ಟರು. ಯಾರ ತಪ್ಪು ಎಷ್ಟು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ನಿಮ್ಮದೇ ವಯಸ್ಸಿನ ಒಂದು ಜೀವ ಹೋಯಿತಲ್ಲ, ಅದರಿಂದ ಪಾಠ ಕಲಿಯುವುದು ನಮ್ಮ ಕೆಲಸ.

ಹಾಗಾದರೆ ಈ ಶಸ್ತ್ರಚಿಕಿತ್ಸೆ ಎಂದರೇನು? ದೇಹದ ಆಕಾರ ತಿದ್ದುವ ಶಸ್ತ್ರಚಿಕಿತ್ಸೆಗಳಲ್ಲಿ ಮುಖ್ಯವಾದವು ಎರಡು. ಚರ್ಮದ ಕೆಳಗಿನ ಕೊಬ್ಬನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯುವುದು ಲೈಪೊಸಕ್ಷನ್. 1970ರ ದಶಕದಲ್ಲಿ ಇಟಲಿ ಮತ್ತು ಫ್ರಾನ್ಸಿನ ವೈದ್ಯರು ಇದನ್ನು ರೂಪಿಸಿದರು. ಜೋತುಬಿದ್ದ ಹೊಟ್ಟೆಯ ಚರ್ಮವನ್ನು ಕತ್ತರಿಸಿ ಬಿಗಿಗೊಳಿಸುವುದು ಇನ್ನೊಂದು. ಇದಕ್ಕೆ ಟಮ್ಮಿ ಟಕ್ ಎನ್ನುತ್ತಾರೆ. ಇವೆರಡೂ ಆಕಾರ ತಿದ್ದುವ ವಿಧಾನಗಳು. ತೂಕ ಇಳಿಸುವ ವಿಧಾನಗಳೆಂದು ಜನ ಇವನ್ನು ತಪ್ಪಾಗಿ ತಿಳಿದಿದ್ದಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ಹೀರಿ ತೆಗೆಯುವುದನ್ನು ವೈದ್ಯರು ದೊಡ್ಡ ಪ್ರಮಾಣದ ಲೈಪೊಸಕ್ಷನ್ ಎಂದು ಪರಿಗಣಿಸಿ ವಿಶೇಷ ನಿಗಾ ಇಡುತ್ತಾರೆ. ಆ 5 ಲೀಟರೂ ಶುದ್ಧ ಕೊಬ್ಬೇ ಎಂದಿಟ್ಟುಕೊಂಡರೂ ಅದರ ತೂಕ ಸುಮಾರು ನಾಲ್ಕೂವರೆ ಕಿಲೋ ಮಾತ್ರ. ಇಪ್ಪತ್ತು ಕಿಲೋ ಹೆಚ್ಚು ತೂಕವಿರುವವರಿಗೆ ಇದರಿಂದ ಆಗುವ ಪ್ರಯೋಜನವೆಷ್ಟು? 2004ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 15 ಮಂದಿ ಸ್ಥೂಲಕಾಯದ ಮಹಿಳೆಯರ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರಿಂದ ಸುಮಾರು 10 ಕಿಲೋದಷ್ಟು ಕೊಬ್ಬು ತೆಗೆಯಲಾಗಿತ್ತು. ಕೆಲವು ವಾರಗಳ ನಂತರ ಪರೀಕ್ಷಿಸಿದಾಗ ರಕ್ತದೊತ್ತಡವಾಗಲಿ, ಸಕ್ಕರೆಯಾಗಲಿ, ಕೊಲೆಸ್ಟರಾಲ್ ಆಗಲಿ ಸುಧಾರಿಸಿರಲಿಲ್ಲ. ಕಾರಣ ಸರಳವಾಗಿದೆ. ರೋಗ ತರುವ ಕೊಬ್ಬು ಹೊಟ್ಟೆಯ ಒಳಗೆ, ಕರುಳು ಮತ್ತು ಯಕೃತ್ತಿನ ಸುತ್ತ ಇರುತ್ತದೆ. ಕೊಳವೆ ಅಲ್ಲಿಗೆ ಹೋಗುವುದಿಲ್ಲ. ನಡಿಗೆ ಮತ್ತು ಮಿತ ಆಹಾರ ಅದನ್ನು ಕರಗಿಸಬಲ್ಲವು.

ಹೀಗಾಗಿ ಅನುಭವಸ್ಥ ಪ್ಲಾಸ್ಟಿಕ್ ಸರ್ಜನ್‌ರು ಮೊದಲು ತಕ್ಕ ತೂಕಕ್ಕೆ ಬನ್ನಿ, ಆಮೇಲೆ ನೋಡೋಣ ಎನ್ನುತ್ತಾರೆ. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಪ್ರಾಣದ ಸುರಕ್ಷತೆ. ತೂಕ ಹೆಚ್ಚಿದ್ದಷ್ಟೂ ಅರಿವಳಿಕೆ ಕೊಡುವಾಗ ಉಸಿರಾಟದ ತೊಂದರೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಗಾಯಕ್ಕೆ ಸೋಂಕು ತಗಲುವುದು ಇವೆಲ್ಲ ಹೆಚ್ಚುತ್ತವೆ. ಎರಡನೆಯದು ಫಲಿತಾಂಶ. ಶಸ್ತ್ರಚಿಕಿತ್ಸೆಯ ನಂತರ ತೂಕ ಇಳಿದರೆ ಚರ್ಮ ಮತ್ತೆ ಜೋಲುತ್ತದೆ. ಏರಿದರೆ ಉಳಿದ ಭಾಗಗಳಲ್ಲಿ ಕೊಬ್ಬು ತುಂಬಿ ಆಕಾರ ಕೆಡುತ್ತದೆ. ಆದ್ದರಿಂದ ತೂಕ ಇಳಿದರಷ್ಟೇ ಸಾಲದು, ಕನಿಷ್ಠ ಆರು ತಿಂಗಳಾದರೂ ಅದು ಏರಿಳಿತವಿಲ್ಲದೆ ನಿಲ್ಲಬೇಕು. ಮೂರನೆಯದು ಮನಸ್ಸಿಗೆ ಸಂಬಂಧಿಸಿದ್ದು. ಆ ಕಾಯುವ ಅವಧಿಯಲ್ಲಿ ದೇಹ ಹಗುರಾಗಿ, ಉಸಿರು ಸಲೀಸಾಗಿ, ತನಗೆ ಶಸ್ತ್ರಚಿಕಿತ್ಸೆಯೇ ಬೇಡವೆಂದು ತೀರ್ಮಾನಿಸುವವರೂ ಉಂಟು.

ಇನ್ನು ತಕ್ಕ ತೂಕ ಎಂದರೆ ಯಾವುದು? ನಿಮ್ಮ ತೂಕವನ್ನು ಕಿಲೋಗಳಲ್ಲಿ ಬರೆದುಕೊಳ್ಳಿ. ಎತ್ತರವನ್ನು ಮೀಟರುಗಳಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ. ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. ಉದಾಹರಣೆಗೆ, ಎತ್ತರ 1.6 ಮೀಟರ್, ತೂಕ 56 ಕಿಲೋ ಇದ್ದರೆ 56ನ್ನು 2.56ರಿಂದ ಭಾಗಿಸಿದಾಗ ಸುಮಾರು 21.9 ಬರುತ್ತದೆ. ಇದನ್ನು ಬಿ.ಎಂ.ಐ. ಎನ್ನುತ್ತಾರೆ. ಭಾರತೀಯರಾದ ನಮಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವ ಸಂಭವವಿರುವುದರಿಂದ 23ರವರೆಗೆ ಸರಿ, ಅದಕ್ಕೆ ಮೇಲ್ಪಟ್ಟರೆ ಎಚ್ಚರಿಕೆ ಎಂದು ನಮ್ಮ ವೈದ್ಯರು ಲೆಕ್ಕ ಹಾಕುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಆದರೆ 18 ತುಂಬದವರಿಗೆ ಈ ಬಿ.ಎಂ.ಐ. ಮಿತಿ ಅನ್ವಯಿಸುವುದಿಲ್ಲ. ಅವರದು ಬೆಳೆಯುವ ದೇಹ. ವಯಸ್ಸಿಗೆ ತಕ್ಕ ಬೆಳವಣಿಗೆಯ ಪಟ್ಟಿಯನ್ನು ವೈದ್ಯರೇ ನೋಡಬೇಕು.

ಇಲ್ಲಿ ನಮ್ಮ ಜಿಲ್ಲೆಯ ಮಾತನ್ನು ಹೇಳಲೇಬೇಕು. 2018ರಲ್ಲಿ ನೀತಿ ಆಯೋಗ ದೇಶದ ಹಿಂದುಳಿದ ಜಿಲ್ಲೆಗಳನ್ನು ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಗುರುತಿಸಿದಾಗ ಕರ್ನಾಟಕದಿಂದ ಸೇರಿದವು ಎರಡೇ: ರಾಯಚೂರು ಮತ್ತು ಯಾದಗಿರಿ. ಆರೋಗ್ಯ ಮತ್ತು ಪೌಷ್ಟಿಕತೆ ಅದರ ಮುಖ್ಯ ಅಳತೆಗೋಲುಗಳಲ್ಲೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಎಂದರೆ ನಮ್ಮ ಅನೇಕ ಮಕ್ಕಳಿಗೆ ತಕ್ಕ ತೂಕಕ್ಕೆ ಬರುವುದೆಂದರೆ ತೂಕ ಏರುವುದು! ಹೊರಗೆ ಸ್ವಲ್ಪ ಹೊಟ್ಟೆ ಕಂಡರೂ ಒಳಗೆ ರಕ್ತ ಕಡಿಮೆ ಇರಬಹುದು. ಅಂಥವರು ಉಪವಾಸ ಬಿದ್ದು ತೂಕ ಇಳಿಸಿ ಶಸ್ತ್ರಚಿಕಿತ್ಸೆಗೆ ಹೋದರೆ ಪ್ರೋಟೀನ್, ಕಬ್ಬಿಣಾಂಶಗಳಿಲ್ಲದೆ ಗಾಯ ಮಾಯುವುದು ಹೇಗೆ?

ಹಾಗಾದರೆ ದಾರಿ ಯಾವುದು? ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋದವರೆಗೆ ಇಳಿಯುವುದು ಆರೋಗ್ಯಕರ. ಅದಕ್ಕೆ ದುಬಾರಿ ಪುಡಿಗಳು ಬೇಕಿಲ್ಲ. ಕಾಲುವೆಯ ನೀರು ಬಂದ ಮೇಲೆ ನಮ್ಮ ಊಟದಲ್ಲಿ ಅನ್ನ ಹೆಚ್ಚಿತು, ಜೋಳ ಹಿಂದೆ ಸರಿಯಿತು. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಮೊಸರು, ಅಳತೆಯಲ್ಲಿ ಶೇಂಗಾ ಚಟ್ನಿ: ಅಜ್ಜಿಯ ಈ ತಾಟನ್ನು ಮರಳಿ ತನ್ನಿ. ಸಂಜೆಯ ಮಿರ್ಚಿ, ಬಾಟಲಿಯ ಸಿಹಿ ಪಾನೀಯ ಅಪರೂಪವಾಗಲಿ. ನಮ್ಮ ಬಿಸಿಲು ಕಠಿಣ. ಆದ್ದರಿಂದ ಹೊತ್ತು ಏರುವ ಮೊದಲೇ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಿರಿ. ನಗರದವರಿಗೆ ಕೋಟೆಯ ಗುಡ್ಡವಿದೆ, ಹಳ್ಳಿಯವರಿಗೆ ಹೊಲದ ದಾರಿಯಿದೆ. ಗುಟ್ಕಾ, ಸಿಗರೇಟು ಮುಟ್ಟಬೇಡಿ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತದೆ. ಅಭ್ಯಾಸವಿದ್ದವರು ಶಸ್ತ್ರಚಿಕಿತ್ಸೆಗೆ ನಾಲ್ಕು ವಾರ ಮೊದಲಾದರೂ ಬಿಡಲೇಬೇಕು.

ಇಷ್ಟಾದ ಮೇಲೂ ಶಸ್ತ್ರಚಿಕಿತ್ಸೆ ಬೇಕಾಗುವವರಿಲ್ಲವೇ? ಖಂಡಿತ ಇದ್ದಾರೆ. ತೂಕವನ್ನು ಬಹಳ ಇಳಿಸಿಕೊಂಡು, ಜೋತ ಚರ್ಮದ ಮಡಿಕೆಗಳಲ್ಲಿ ಹುಣ್ಣಾಗಿ ನರಳುವವರಿಗೆ ಅದು ನಿಜವಾದ ಉಪಕಾರ. ಅದನ್ನು ಬಯಸುವುದು ನಾಚಿಕೆಯ ವಿಷಯವೂ ಅಲ್ಲ. ಆದರೆ ಹೋಗುವ ಮೊದಲು ಕೆಲವು ಪ್ರಶ್ನೆ ಕೇಳಿ. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಪಡೆದವರೇ? ಆಸ್ಪತ್ರೆಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಿದೆಯೇ? ಅರಿವಳಿಕೆ ತಜ್ಞರು, ತುರ್ತು ನಿಗಾ ಘಟಕ ಇದ್ದಾರೆಯೇ, ಇದೆಯೇ? ನನ್ನ ರಕ್ತ, ಹೃದಯ, ತೂಕ ಇದಕ್ಕೆ ಸಿದ್ಧವಾಗಿವೆಯೇ? ಇವಕ್ಕೆ ನೇರ ಉತ್ತರ ಸಿಗದ ಕಡೆ ಒಂದು ಕ್ಷಣವೂ ನಿಲ್ಲಬೇಡಿ.

ಮತ್ತು ಮನೆಯವರಿಗೆ ಹೇಳದೆ ಹೋಗಬೇಡಿ. ಅಪ್ಪ ಬೈಯಬಹುದು, ಅವ್ವ ಅಳಬಹುದು. ಆದರೂ ಆಸ್ಪತ್ರೆಯ ಬಾಗಿಲಲ್ಲಿ ನಿಮಗಾಗಿ ಕಾಯುವವರು ಅವರೇ. ಮನೆಯಲ್ಲಿ ಹೇಳಲಾಗದಿದ್ದರೆ ನಂಬಿಕೆಯ ಶಿಕ್ಷಕರೊಬ್ಬರಿಗೆ ಹೇಳಿ. ಗೆಳತಿಗೆ ಅಡ್ಡ ಹೆಸರಿಟ್ಟು ನಗುವವರಲ್ಲಿ ನೀವೂ ಒಬ್ಬರಾಗಿದ್ದರೆ ಇಂದೇ ನಿಲ್ಲಿಸಿ. ಆ ನಗು ಯಾರನ್ನು ಎಲ್ಲಿಗೆ ತಳ್ಳುತ್ತದೆಂದು ನಿಮಗೆ ಗೊತ್ತಿಲ್ಲ.

ನಾಳೆ ಒಂದು ಕೆಲಸ ಮಾಡಿ. ದೇವದುರ್ಗ, ಮಾನ್ವಿಯವರು ತಾಲ್ಲೂಕು ಆಸ್ಪತ್ರೆಗೆ, ರಾಯಚೂರಿನವರು ರಿಮ್ಸ್‌ಗೆ ಹೋಗಿ ತೂಕ, ಎತ್ತರ, ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಿ. ಆ ಮೂರು ಸಂಖ್ಯೆಗಳನ್ನು ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ನಿಮ್ಮ ದೇಹದ ಬಗ್ಗೆ ಜಾಹೀರಾತಿಗಿಂತಲೂ ಕನ್ನಡಿಗಿಂತಲೂ ಅವು ಹೆಚ್ಚು ನಿಜ ಹೇಳುತ್ತವೆ.