ಹಿಂಡಿಯೊಳಗಿನ ಈಸ್ಟು: ಅಪಾಯವಿಲ್ಲ ಸರಿ, ಉಪಯೋಗವಿದೆಯೇ?



ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಗೋವಿನಜೋಳಕ್ಕೆ ಕೊರತೆಯಿಲ್ಲ. ಕರು ಹಾಕಿದ ಹಸು ಹಾಲು ಏರಿಸಲಿ ಎಂದು ಹಿಂಡಿ, ಬೂಸಾದ ಜೊತೆ ಜೋಳದ ನುಚ್ಚನ್ನೂ ಧಾರಾಳವಾಗಿ ಸುರಿಯುತ್ತೇವೆ. ಕೆಲವೇ ದಿನಕ್ಕೆ ಹಸು ಮೆಲುಕು ಕಡಿಮೆ ಮಾಡುತ್ತದೆ, ಸಗಣಿ ತೆಳ್ಳಗಾಗುತ್ತದೆ, ಫ್ಯಾಟು ಇಳಿಯುತ್ತದೆ. ಜಗಳೂರಿನ ಕಡೆ ಕುರಿ ಹಿಂಡು ಜೋಳದ ರಾಶಿಗೆ ನುಗ್ಗಿದರೆ ಇದೇ ಕಾಯಿಲೆ ಇನ್ನೂ ಬಿರುಸು. ಒಂದೆರಡು ದಿನದಲ್ಲೇ ಕುರಿ ಸಾಯುತ್ತವೆ. ಪಿಷ್ಟ ಅತಿಯಾಗಿ ಮೆಲುಕುಚೀಲದಲ್ಲಿ ಆಮ್ಲ ತುಂಬಿದರೆ ಹುಲ್ಲಿನ ನಾರು ಕರಗಿಸುವ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಈಸ್ಟಿನ ಪೊಟ್ಟಣ ಹಿಡಿದವರು ಹಟ್ಟಿ ಬಾಗಿಲಿಗೆ ಬರುವುದು ಇಂಥ ಹೊತ್ತಿಗೇ.

ಬೇಕರಿಯವರು ಬ್ರೆಡ್ಡು ಉಬ್ಬಿಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆಯೇ ಇದು. ಮೇವಿನೊಂದಿಗೆ ಒಳಹೋದ ಆಮ್ಲಜನಕವನ್ನು ಹೀರಿ, ಗಾಳಿ ಸೇರದ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡಿಕೊಡುತ್ತದೆ. ಲ್ಯಾಕ್ಟಿಕ್ ಆಮ್ಲ ತಿನ್ನುವ ಬ್ಯಾಕ್ಟೀರಿಯಾಗಳಿಗೂ ಬೆಂಬಲ. 2006ರ ಜನವರಿ 1ರಿಂದ ಯುರೋಪು ಬೆಳವಣಿಗೆಗೆಂದು ಮೇವಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ನಿಷೇಧಿಸಿತು. 2019ರಲ್ಲಿ ಭಾರತ ಜಾನುವಾರುಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೊಡುವುದಕ್ಕೆ ತಡೆ ಹಾಕಿತು. ಈಸ್ಟಿನ ಮಾರುಕಟ್ಟೆಗೆ ಇದರಿಂದ ಬಲ ಬಂತು.

ಅಪಾಯದ ಮಾತು ಬೇಗ ಮುಗಿಯುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಈ ಜೀವಿಯನ್ನು ಸುರಕ್ಷಿತವೆಂದು ಭಾವಿಸಬಹುದಾದವುಗಳ ಪಟ್ಟಿಯಲ್ಲಿಟ್ಟಿದೆ. ತಳಿ ಯಾವುದೆಂದು ಖಚಿತಪಡಿಸಬೇಕು. ಆದರೆ ಅದೇ ಪ್ರಾಧಿಕಾರ ಹಸುವಿನ ಕ್ಷೇಮದ ಜೊತೆ ಪುಡಿ ಕಲಸುವವರ ಕ್ಷೇಮವನ್ನೂ ವಿಚಾರಿಸುತ್ತದೆ. ಈ ಧೂಳು ಉಸಿರಿನ ಅಲರ್ಜಿ ತರಬಲ್ಲದು. ನಮ್ಮಲ್ಲಿ ಹಿಂಡಿ ಕಲಸುವವರು ಬಹುತೇಕ ಹೆಂಗಸರು. ಸೆರಗೇ ಅವರ ಮಾಸ್ಕು.

ಉಪಯೋಗದ ಮಾತು ಇಷ್ಟು ಸುಲಭವಲ್ಲ. ಯುರೋಪಿನಲ್ಲಿ ಸಾಮಾನ್ಯವಾಗಿ ಕನಿಷ್ಠ ಮೂರು ಪ್ರಯೋಗಗಳಲ್ಲಿ ಫಲ ಕಾಣಬೇಕು. ಈಸ್ಟು ತಿನ್ನದ ಹಸುಗಳ ಗುಂಪೂ ಜೊತೆಗಿರಬೇಕು. ನಮ್ಮ ಪಶು ಆಹಾರದ ಮಾನದಂಡ ಐಎಸ್ 2052 ಹೇಳುವುದು ಪ್ರೋಟೀನು, ಕೊಬ್ಬು, ನಾರು ಎಷ್ಟಿರಬೇಕೆಂದು. ಪೊಟ್ಟಣದ ಈಸ್ಟು ಹಾಲು ಏರಿಸೀತೇ ಎಂಬುದಕ್ಕೆ ಅದರಲ್ಲಿ ಉತ್ತರ ಸಿಗದು.

2009ರಲ್ಲಿ ಫ್ರಾನ್ಸಿನ ಸಂಶೋಧಕರು 110 ಪ್ರಬಂಧಗಳ 157 ಪ್ರಯೋಗಗಳನ್ನು ಒಟ್ಟಿಗೆ ತೂಗಿದರು. ಸರಾಸರಿ ಲಾಭ: ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 1.2 ಗ್ರಾಂ ಹಾಲು. 400 ಕಿಲೋ ತೂಗುವ ಮಿಶ್ರತಳಿ ಹಸುವಿಗೆ ಲೆಕ್ಕ ಹಾಕಿದರೆ ಅರ್ಧ ಲೀಟರಿನ ಆಸುಪಾಸು. ಎರಡು ಲೀಟರ್ ಏರುತ್ತದೆ ಎಂದು ಆಣೆ ಹಾಕುವವರನ್ನು ನಾನಂತೂ ನಂಬಲಾರೆ. ದಾಣಿ ಹೆಚ್ಚು ತಿನ್ನುವ ದನಗಳಲ್ಲಿ ಆಮ್ಲ ತಗ್ಗಿಸುವ ಫಲವೂ ಹೆಚ್ಚು ಎಂದು ಅದೇ ಅಧ್ಯಯನ ಹೇಳುತ್ತದೆ. ಹಾಗಾಗಿ ನುಚ್ಚು ತಿನ್ನುವ ಹಸುವಿಗೆ ಆದ ಗುಣ ಹೊನ್ನಾಳಿಯಲ್ಲಿ ಬರೀ ಭತ್ತದ ಹುಲ್ಲು ತಿನ್ನುವ ಹಸುವಿಗೂ ಆಗಲೇಬೇಕೆಂದಿಲ್ಲ.

ಜೀವಂತ ಈಸ್ಟೆಂದು ಕೊಂಡರೆ ಗ್ರಾಮಿಗೆ ಎಷ್ಟು ಜೀವಕೋಶ, ಎಲ್ಲಿಯವರೆಗೆ ಎಂದು ಪೊಟ್ಟಣದ ಮೇಲೆ ನೋಡಿ. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನಡಿ ಬಿದ್ದ ಚೀಲದಲ್ಲಿ ಆ ಲೆಕ್ಕ ಉಳಿಯುವುದಿಲ್ಲ.

ಈಸ್ಟಿನಿಂದಲೇ ಹಾಲು ಏರಿತೇ ಎಂಬ ಪರೀಕ್ಷೆ ಎರಡು ಹಸು ಕಟ್ಟಿದವರ ಮನೆಯಲ್ಲಿ ಆಗದು. ಮಳೆ ಬಿದ್ದು ಹಸಿಮೇವು ಸಿಕ್ಕಿದರೂ ಹಾಲು ಏರುತ್ತದೆ, ಹೆಸರು ಪೊಟ್ಟಣಕ್ಕೆ ಬರುತ್ತದೆ. ಹಾಲಿನ ಸಂಘಗಳು ಮಾಡಬಹುದು. ಕರು ಹಾಕಿ ಹೆಚ್ಚುಕಡಿಮೆ ಅಷ್ಟೇ ದಿನವಾದ ಇಪ್ಪತ್ತು ಹಸು ಆರಿಸಿ, ಹತ್ತಕ್ಕೆ ಮಾತ್ರ ಒಂದು ತಿಂಗಳು ಈಸ್ಟು ಕೊಡಿ. ಎರಡು ವಾರ ಯಾವ ಹಸುವಿಗೂ ಬೇಡ. ಆಮೇಲೆ ಗುಂಪು ಅದಲುಬದಲು. ಪ್ರತಿ ಹಸುವಿನ ಹಾಲನ್ನು ಬೇರೆಯಾಗಿ ಅಳೆದು ಫ್ಯಾಟು, ಡಿಗ್ರಿ ಬರೆದಿಡಿ. ಪೊಟ್ಟಣದ ಖರ್ಚನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಈಸ್ಟು ಮಾರುವವರಿಗೆ ಇಂಥ ಪರೀಕ್ಷೆ ಒಪ್ಪಿಗೆಯೇ ಎಂದು ಮೊದಲೇ ಕೇಳಿ.