35 ಪದಗಳ ಪ್ರಮಾಣ



ಅಮೆರಿಕದಲ್ಲಿ ಕೆಲಸದಲ್ಲಿದ್ದಾಗ, 2009ರ ಜನವರಿ 20ರಂದು ಬರಾಕ್ ಒಬಾಮ ಅವರ ಪ್ರಮಾಣವಚನ ನೋಡಲು ನಾವು ನಾಲ್ವರು ಗೆಳೆಯರು ರಾತ್ರಿಯಿಡೀ ಕಾರು ಓಡಿಸಿಕೊಂಡು ವಾಷಿಂಗ್ಟನ್ನಿಗೆ ಹೋಗಿದ್ದೆವು. ಕೊರೆಯುವ ಚಳಿ, ಕಣ್ಣು ಹಾಯಿಸಿದಷ್ಟೂ ಜನ. ವೇದಿಕೆ ಬಹು ದೂರ. ನಮಗೆ ಕಂಡದ್ದು ದೊಡ್ಡ ಪರದೆ ಮಾತ್ರ. ಗುಲಾಮರ ಬೆವರೂ ಸೇರಿ ಎದ್ದ ಸಂಸತ್ ಭವನದ ಎದುರು ಮೊದಲ ಕಪ್ಪುವರ್ಣೀಯ ಅಧ್ಯಕ್ಷರು ಕೈ ಎತ್ತಿದಾಗ, ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬಿಕ್ಕಿ ಬಿಕ್ಕಿ ಅತ್ತರು.

ಅವರ ಸಂವಿಧಾನದಲ್ಲಿರುವ ಆ ಪ್ರಮಾಣ ಬರೀ 35 ಪದ. ಅಂದು ಒಂದು ಪದ ಹಿಂದುಮುಂದಾಯಿತು. ಮರುದಿನ ಮತ್ತೊಮ್ಮೆ ಸರಿಯಾಗಿ ಬೋಧಿಸಿದರು. ಅಧಿಕಾರಕ್ಕಿಂತ ಸಂವಿಧಾನ ದೊಡ್ಡದು ಎಂದು ಇದೇ ಶಾಲೆಯಲ್ಲಿ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿದ್ದು ಆಗ ಅರ್ಥವಾಯಿತು. ಮಕ್ಕಳೇ, ಪೌರನೀತಿಯನ್ನು ಬರೀ ಅಂಕಕ್ಕಾಗಿ ಓದಬೇಡಿ.